ಊರಿಗೆ ಸೌಖ್ಯವಾ? ವಾರ್ಡ್ ಸಭೆಯಲ್ಲಿ ಗುರಿ ಬರೆಯುವುದು ಅಂದರೆ ಏನು

ನಮ್ಮ ಕಡೆ ದಾರಿಯಲ್ಲಿ ಸಿಕ್ಕವರನ್ನು ಮೊದಲು ಕೇಳುವುದು 'ಸೌಖ್ಯವಾ?' ಅಂತ. ಅವರೂ 'ಸೌಖ್ಯ' ಅಂತಾರೆ. ಅದಾದ ಮೇಲೆ ನಿಜವಾದ ಉತ್ತರ ಶುರುವಾಗುತ್ತದೆ. ಬಾವಿ ಏಪ್ರಿಲ್‌ಗೇ ತಳ ಕಂಡದ್ದು, ಮಗ ಗಲ್ಫ್ ಬಿಟ್ಟು ಬಂದದ್ದು, ಸಂಜೆಯ ಕೊನೆಯ ಬಸ್ಸು ಕಟ್ ಆದದ್ದು, ಅತ್ತೆಯ ಮೊಣಕಾಲು ನೋವು. ಐದು ನಿಮಿಷದಲ್ಲಿ ಒಂದು ಮನೆಯ ಪೂರ್ತಿ ಲೆಕ್ಕ ಸಿಕ್ಕಿಬಿಡುತ್ತದೆ.

ಇದೇ ಪ್ರಶ್ನೆಯನ್ನು ಇಡೀ ಊರಿಗೆ ಕೇಳಲು ಒಂದು ಜಾಗ ಉಂಟು. ಹಳ್ಳಿಯಲ್ಲಾದರೆ ವಾರ್ಡ್ ಸಭೆ, ಗ್ರಾಮ ಸಭೆ. ಪೇಟೆಯಲ್ಲಾದರೆ ವಾರ್ಡ್ ಸಮಿತಿ. ನಾನಿರುವುದು ಮಂಗಳೂರಿನ ಹೊರಗಿನ ಒಂದು ಗ್ರಾಮ ಪಂಚಾಯತಿನಲ್ಲಿ, ದುಡಿಯುವುದು ಪೇಟೆಯೊಳಗಿನ ಹಂಪನಕಟ್ಟೆಯಲ್ಲಿ. ಹಾಗಾಗಿ ಎರಡೂ ಕಡೆ ಹೋಗಿ ಕೂತಿದ್ದೇನೆ. ಎರಡೂ ಕಡೆ ಮಾತು ಹೆಚ್ಚುಕಮ್ಮಿ ಒಂದೇ. 'ನಮ್ಮ ರಸ್ತೆಗೆ ಕಾಂಕ್ರೀಟ್ ಆಗ್ಬೇಕು ಮಾರಾಯ್ರೆ.' 'ಕಟ್ಟೆಯ ಎದುರು ಇಂಟರ್‌ಲಾಕ್ ಹಾಕಿಸಿ.' 'ತೋಡಿಗೆ ತಡೆಗೋಡೆ.' 'ಒಂದು ಹೈಮಾಸ್ಟ್ ದೀಪ.' ಒಬ್ಬರು ಬರೆದುಕೊಳ್ಳುತ್ತಾರೆ. ಚಾ, ಗೋಳಿಬಜೆ ಬರುತ್ತದೆ. ಸಭೆ ಮುಗಿಯುತ್ತದೆ. ಸೌಖ್ಯವಾ ಅಂತ ಯಾರೂ ಕೇಳಿರುವುದಿಲ್ಲ.

'ಸಮುದಾಯದ ಯೋಗಕ್ಷೇಮದ ಗುರಿಗಳು' ಅಂತ ಕಾಗದಪತ್ರಗಳಲ್ಲಿ ಬರುವ ಭಾರದ ಮಾತಿನ ಅರ್ಥ ಇಷ್ಟೇ. ಊರಿನವರು ಕೂತು, ಇನ್ನು ಮೂರು-ನಾಲ್ಕು ವರ್ಷದಲ್ಲಿ ಇಲ್ಲಿನ ಬದುಕಿನಲ್ಲಿ ಏನು ಬದಲಾಗಬೇಕು ಅಂತ ಮಾತಾಡಿ ಒಪ್ಪಿಕೊಳ್ಳುವುದು. ಅದನ್ನು ಬರೆದಿಡುವುದು. ಪಂಚಾಯತಿನ ಅಥವಾ ಪಾಲಿಕೆಯ ದುಡ್ಡು ಆ ಬರಹದ ಹಿಂದೆ ಹೋಗುವ ಹಾಗೆ ನೋಡಿಕೊಳ್ಳುವುದು. ಕೇಳಲು ಸುಲಭ. ಆದರೆ ನಾವು ಎಡವುವುದು ಹೊಸ್ತಿಲಲ್ಲೇ. ಗುರಿ ಹೇಳಬೇಕಾದ ಕಡೆ ಕಾಮಗಾರಿ ಹೇಳುತ್ತೇವೆ.

ಎರಡಕ್ಕೂ ಏನು ವ್ಯತ್ಯಾಸ ಅಂತ ಕೇಳಬಹುದು. ಕಾಲುಸಂಕದ ಉದಾಹರಣೆ ತೆಗೆದುಕೊಳ್ಳೋಣ. ಕುಂದಾಪುರ, ಬೈಂದೂರು ಕಡೆ ಮಳೆಗಾಲದಲ್ಲಿ ಹಳ್ಳ ದಾಟಲು ಮರದ ದಿಮ್ಮಿಗಳನ್ನೋ ಅಡಿಕೆ ಮರವನ್ನೋ ಅಡ್ಡ ಹಾಕಿ ಸಂಕ ಮಾಡಿಕೊಳ್ಳುತ್ತಾರೆ. ಪಾಚಿ ಕಟ್ಟಿದರೆ ದೊಡ್ಡವರಿಗೂ ಕಾಲು ನಡುಗುತ್ತದೆ. 2022ರ ಆಗಸ್ಟ್‌ನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ, ಶಾಲೆ ಮುಗಿಸಿ ಮನೆಗೆ ಹೊರಟಿದ್ದ ಪುಟ್ಟ ಹುಡುಗಿಯೊಬ್ಬಳು ಕಾಲುಸಂಕದಿಂದ ಜಾರಿ, ತುಂಬಿ ಹರಿಯುತ್ತಿದ್ದ ಹಳ್ಳಕ್ಕೆ ಬಿದ್ದು ತೀರಿಹೋದಳು.

ಇಂಥ ಹಳ್ಳ ಇರುವ ಊರಿನ ಸಭೆಯಲ್ಲಿ 'ಇಲ್ಲಿಗೊಂದು ಸೇತುವೆ ಬೇಕು' ಅಂದರೆ ಅದು ಕಾಮಗಾರಿ. 'ಜೂನ್‌ನಿಂದ ಸೆಪ್ಟೆಂಬರ್ ತನಕ ನಮ್ಮ ಗ್ರಾಮದ ಯಾವ ಮಗುವೂ ಜೀವ ಕೈಯಲ್ಲಿ ಹಿಡಿದು ಶಾಲೆಗೆ ಹೋಗಬಾರದು' ಅಂದರೆ ಅದು ಗುರಿ. ಸುಮ್ನೆ ಮಾತಿನ ಚಂದಕ್ಕೆ ಹೀಗೆ ತಿರುಗಿಸಿದ್ದಲ್ಲ. ಗುರಿ ಅಂತ ಬರೆದ ಕೂಡಲೇ ಬೇರೆ ಕೆಲಸಗಳು ಶುರುವಾಗುತ್ತವೆ. ಮೊದಲು, ಹಳ್ಳ ದಾಟುವ ಮಕ್ಕಳು ಯಾರ್ಯಾರು ಅಂತ ಹೆಸರು ಹಿಡಿದು ಲೆಕ್ಕ ಹಾಕಬೇಕಾಗುತ್ತದೆ. ಅದು ಅಂಗನವಾಡಿ ಟೀಚರಿಗೆ, ಶಾಲೆಯ ಹೆಡ್‌ಮಾಸ್ಟರಿಗೆ ಬಾಯಿಪಾಠ ಇರುತ್ತದೆ. ಕಚೇರಿಯ ಕಡತದಲ್ಲಿ ಇರುವುದಿಲ್ಲ. ಆಮೇಲೆ ಪರಿಹಾರ ಒಂದೇ ಅಲ್ಲ ಅಂತ ಗೊತ್ತಾಗುತ್ತದೆ. ಒಂದು ಕಡೆ ಗಟ್ಟಿ ಕಾಂಕ್ರೀಟ್ ಸಂಕವೇ ಆಗಬೇಕು. ಇನ್ನೊಂದು ಕಡೆ ಎರಡು ಮನೆಯ ಮಕ್ಕಳು ಮಾತ್ರ. ಅಲ್ಲಿ ಸುತ್ತುದಾರಿಯಲ್ಲಿ ಒಂದು ಆಟೋ ಗೊತ್ತು ಮಾಡಿದರೆ ಈ ಮಳೆಗಾಲಕ್ಕೇ ಸಾಕು. ರೆಡ್ ಅಲರ್ಟ್ ದಿನ ರಜೆಯ ಸುದ್ದಿ ಮಕ್ಕಳು ಮನೆ ಬಿಡುವ ಮೊದಲೇ ತಲುಪಬೇಕು, ಅದಕ್ಕೆ ದುಡ್ಡೇ ಬೇಡ. ಮುಂದಿನ ವರ್ಷ ಅಕ್ಟೋಬರ್‌ನಲ್ಲಿ ಕೂತು, ಆಯಿತೋ ಇಲ್ಲವೋ ಅಂತ ಹೇಳಲೂ ಸಾಧ್ಯ.

ಬರೀ ಸೇತುವೆ ಅಂತ ಬರೆದರೆ ಇದ್ಯಾವುದೂ ಇಲ್ಲ. ಸೇತುವೆ ಆಗಬಹುದು, ಯಾರ ತೋಟಕ್ಕೋ ಲಾರಿ ಹೋಗುವ ಜಾಗದಲ್ಲಿ ಆಗಬಹುದು. ಅಂಥ ಒಂದು ಸೇತುವೆ ಎಲ್ಲ ಊರಲ್ಲೂ ಇರುತ್ತದೆ, ಅಲ್ವಾ? ಕಡತದ ಲೆಕ್ಕಕ್ಕೆ ಕೆಲಸ ನೂರಕ್ಕೆ ನೂರು ಪೂರ್ಣ. ಮಕ್ಕಳು ಮಾತ್ರ ಅದೇ ಹಳೇ ದಿಮ್ಮಿಯ ಮೇಲೆ.

ಗುರಿ ಇಟ್ಟು ಕೆಲಸ ಮಾಡಿದ ಹಳೆಯ ಉದಾಹರಣೆಯೂ ಇಲ್ಲೇ ಉಂಟು. 1960ರ ದಶಕದ ಕೊನೆಗೆ, ಡಾ. ವಿ. ಎಸ್. ಆಚಾರ್ಯ ಅಧ್ಯಕ್ಷರಾಗಿದ್ದಾಗ, ಉಡುಪಿ ಪುರಸಭೆ ಮಲ ಹೊರುವ ಪದ್ಧತಿಯನ್ನು ನಿಲ್ಲಿಸಿತು. ಈ ಊರಲ್ಲಿ ಯಾರ ತಲೆಯ ಮೇಲೂ ಮಲದ ಬುಟ್ಟಿ ಇರಬಾರದು. ಒಂದೇ ಸಾಲು. ಎಷ್ಟು ಪಾಯಿಖಾನೆ ಕಟ್ಟಿದಿರಿ ಅನ್ನುವುದು ಆಮೇಲಿನ ಲೆಕ್ಕ. ಬುಟ್ಟಿ ಇದೆಯಾ ಇಲ್ಲವಾ ಅನ್ನುವುದನ್ನು ಬೀದಿಯಲ್ಲಿ ನಿಂತ ಯಾರು ಬೇಕಾದರೂ ಹೇಳಬಹುದಿತ್ತು.

ಹೊರದೇಶದಲ್ಲಿ ಇದನ್ನು ಕಾಯ್ದೆಯಾಗಿಯೇ ಮಾಡಿ ನೋಡಿದ್ದಾರೆ. ನ್ಯೂಜಿಲೆಂಡ್ 2002ರ ಸ್ಥಳೀಯಾಡಳಿತ ಕಾಯ್ದೆಯಲ್ಲಿ ಜನರ ಸಾಮಾಜಿಕ, ಆರ್ಥಿಕ, ಪರಿಸರದ ಮತ್ತು ಸಾಂಸ್ಕೃತಿಕ ಒಳಿತನ್ನು ನೋಡಿಕೊಳ್ಳುವುದು ಊರಿನ ಕೌನ್ಸಿಲ್‌ಗಳ ಕೆಲಸ ಅಂತ ಬರೆಯಿತು. 2012ರಲ್ಲಿ ಬೇರೆ ಸರ್ಕಾರ ಅದನ್ನು ತೆಗೆಯಿತು. 2019ರಲ್ಲಿ ಮತ್ತೆ ಸೇರಿಸಿದರು. ಕೌನ್ಸಿಲ್ ಅಂದರೆ ರಸ್ತೆ, ನೀರು, ಕಸ ಅಷ್ಟೇನಾ, ಅಥವಾ ಜನರ ಬದುಕೂ ಅದರ ಲೆಕ್ಕಕ್ಕೆ ಬರುತ್ತದಾ ಅನ್ನುವ ಜಗಳ ಅಲ್ಲೂ ಮುಗಿದಿಲ್ಲ ಅಂತಾಯಿತು. ವೇಲ್ಸ್ 2015ರಲ್ಲಿ ಏಳು ಗುರಿಗಳನ್ನು ಕಾಯ್ದೆಯಲ್ಲೇ ಬರೆದು, ಇನ್ನೂ ಹುಟ್ಟದ ಮಕ್ಕಳ ಒಳಿತನ್ನೂ ನೋಡಿ ತೀರ್ಮಾನ ಮಾಡಿ ಅಂತ ಸರ್ಕಾರಿ ಸಂಸ್ಥೆಗಳಿಗೆ ಹೇಳಿತು. ಚಂದದ ಮಾತೇ. ಆದರೆ ನಮಗೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಕಾಯ್ದೆಯಲ್ಲಿ ಇರುವುದನ್ನೇ ನಾವು ಪೂರ್ತಿ ಬಳಸಿಲ್ಲ.

ಹಳ್ಳಿಯ ಕಡೆಯಿಂದ ನೋಡಿ. 1993ರ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ವಾರ್ಡ್ ಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು. ವಾರ್ಡಿನ ಮತದಾರರಲ್ಲಿ ಹತ್ತರಲ್ಲಿ ಒಂದು ಪಾಲು ಅಥವಾ 20 ಜನ, ಯಾವುದು ಕಡಿಮೆಯೋ ಅಷ್ಟಿದ್ದರೆ ಕೋರಂ. ಅದರಲ್ಲಿ ಶೇಕಡಾ 30ರಷ್ಟಾದರೂ ಮಹಿಳೆಯರಿರಬೇಕು. ಮನೆ, ಸೈಟು ಮುಂತಾದ ಫಲಾನುಭವಿಗಳ ಪಟ್ಟಿ ಇಲ್ಲಿಂದಲೇ ಮೇಲೆ ಹೋಗಬೇಕು. ವಾರ್ಡ್ ಸಭೆ ಹೇಳಿದ್ದು ಗ್ರಾಮ ಸಭೆಗೆ, ಅಲ್ಲಿಂದ ಪಂಚಾಯತಿಗೆ, ಕೊನೆಗೆ ವರ್ಷದ ಕ್ರಿಯಾಯೋಜನೆಗೆ. ಮುಂದಿನ ವರ್ಷದ ಯೋಜನೆ ಮಾಡುವ ಅಭಿಯಾನ ಸಾಮಾನ್ಯವಾಗಿ ಅಕ್ಟೋಬರ್ 2ಕ್ಕೆ ಶುರುವಾಗುತ್ತದೆ.

ಈ ಯೋಜನೆಗೆ ಈಗ ಒಂಬತ್ತು ವಿಷಯಗಳನ್ನು ಕೊಟ್ಟಿದ್ದಾರೆ. ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಹಳ್ಳಿಯ ಅಳತೆಗೆ ಹೊಲಿದದ್ದು ಅನ್ನಬಹುದು. ಬಡತನ ಇಲ್ಲದ ಗ್ರಾಮ, ಆರೋಗ್ಯದ ಗ್ರಾಮ, ಮಕ್ಕಳ ಸ್ನೇಹಿ, ಮಹಿಳಾ ಸ್ನೇಹಿ, ಸಾಕಷ್ಟು ನೀರಿರುವ, ಸ್ವಚ್ಛ ಮತ್ತು ಹಸಿರು, ಮೂಲಸೌಕರ್ಯ, ಸಾಮಾಜಿಕ ಭದ್ರತೆ, ಒಳ್ಳೆಯ ಆಡಳಿತ. ನೋಡಿದರೆ ಇದು ಸೌಖ್ಯದ ಪಟ್ಟಿಯೇ. ತೊಂದರೆ ಏನೆಂದರೆ, ಎಲ್ಲ ಪಂಚಾಯತಿಗೂ ಇದೇ ಒಂಬತ್ತು. ಕಂಪ್ಯೂಟರಿನಲ್ಲಿ ಒಂದನ್ನು ಆರಿಸಿ, ಅದರ ಕೆಳಗೆ ಮೊದಲೇ ಯೋಚಿಸಿಟ್ಟ ಚರಂಡಿಯನ್ನು ಸೇರಿಸಿಬಿಡಬಹುದು. 'ಆರೋಗ್ಯದ ಗ್ರಾಮ' ಅನ್ನುವುದು ಗುರಿಯಲ್ಲ, ತಲೆಬರಹ. ನಮ್ಮ ವಾರ್ಡಿನಲ್ಲಿ ಯಾರ ಆರೋಗ್ಯ, ಯಾಕೆ ಕೆಟ್ಟಿದೆ ಅಂತ ಅದರ ಕೆಳಗೆ ಬರೆಯುವ ಸಾಲೇ ಗುರಿ.

ಪೇಟೆಯ ಕಥೆ ಸ್ವಲ್ಪ ಬೇರೆ. 1992ರ 74ನೇ ತಿದ್ದುಪಡಿಯಿಂದ ಬಂದ ಸಂವಿಧಾನದ 243ಎಸ್ ವಿಧಿಯ ಪ್ರಕಾರ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು. 60 ವಾರ್ಡುಗಳ ಮಂಗಳೂರು ಮಹಾನಗರ ಪಾಲಿಕೆ ಇದರೊಳಗೆ ಬರುತ್ತದೆ. 35 ವಾರ್ಡುಗಳ ಉಡುಪಿ ನಗರಸಭೆಗೆ ಜನಸಂಖ್ಯೆ ಅಷ್ಟಿಲ್ಲ, ಆದ್ದರಿಂದ ಸಂವಿಧಾನದ ಕಡ್ಡಾಯ ಅದಕ್ಕಿಲ್ಲ. ಪಾಲಿಕೆಗಳ ಕಾಯ್ದೆಯಲ್ಲಿ ಸಮಿತಿ ಹೇಗಿರಬೇಕು ಅಂತ ಬರೆದಿದೆ. ಆ ವಾರ್ಡಿನ ಕಾರ್ಪೊರೇಟರ್ ಅಧ್ಯಕ್ಷರು. ಜೊತೆಗೆ 10 ಮಂದಿ; ಅವರಲ್ಲಿ ಕನಿಷ್ಠ ಮೂವರು ಮಹಿಳೆಯರು, ಇಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು, ಇಬ್ಬರು ನಿವಾಸಿಗಳ ಸಂಘದ ಕಡೆಯವರು. ಕಾರ್ಪೊರೇಟರೇ ಅಧ್ಯಕ್ಷರಾಗಿರುವುದರ ಕಷ್ಟ 2025ರ ಫೆಬ್ರವರಿಯಲ್ಲಿ ಗೊತ್ತಾಯಿತು. ಮಂಗಳೂರಿನ ಕಾರ್ಪೊರೇಟರ್‌ಗಳ ಅವಧಿ ಮುಗಿದು ಪಾಲಿಕೆ ಆಡಳಿತಾಧಿಕಾರಿಯ ಕೈಗೆ ಹೋಯಿತು. ಕುರ್ಚಿಯಲ್ಲಿ ಕೂರುವವರೇ ಇಲ್ಲದ ಮೇಲೆ ಸಭೆ ಯಾರು ಕರೆಯುವುದು?

ಕಾಯ್ದೆಯ ವಿಷಯ ಇಷ್ಟು ಸಾಕು. ಇದಕ್ಕಿಂತ ದೊಡ್ಡ ಪ್ರಶ್ನೆ, ಸಭೆಗೆ ಬಂದವರು ಯಾರು ಅನ್ನುವುದು.

ನಾನು ಹೋದ ಒಂದು ವಾರ್ಡ್ ಸಭೆ ಬೆಳಿಗ್ಗೆ ಹತ್ತೂವರೆಗೆ ಇತ್ತು. ಬಂದವರಲ್ಲಿ ಜಾಸ್ತಿ ಜನ ರಿಟೈರ್ ಆದವರು, ಕಂಟ್ರಾಕ್ಟ್ ಕೆಲಸದವರು, ಪಕ್ಷದ ಹುಡುಗರು. ಮನೆ ಪಟ್ಟಿಯಲ್ಲಿ ಹೆಸರು ಬರಬೇಕಾದ ಕೆಲವು ಹೆಂಗಸರು ಹಿಂದಿನ ಬೆಂಚಿನಲ್ಲಿ ಕೂತು, ಪಟ್ಟಿ ಓದಿದ ಕೂಡಲೇ ಎದ್ದು ಹೋದರು. ಬೀಡಿ ಕಟ್ಟುವವರಿಗೆ ಅದು ಬ್ರಾಂಚಿಗೆ ಬೀಡಿ ಕೊಡಲು ಹೋಗುವ ಹೊತ್ತು. ದಕ್ಕೆಯಲ್ಲಿ, ಅಂದರೆ ಮೀನುಗಾರಿಕೆ ಬಂದರಿನಲ್ಲಿ, ಮೀನು ತೆಗೆದುಕೊಂಡು ಮನೆ ಮನೆಗೆ ಮಾರಲು ಹೊರಟವರು ಅಷ್ಟು ಹೊತ್ತಿಗೆ ಯಾವ ಗೇಟಿನ ಹತ್ತಿರವೋ. ಕಟ್ಟಡದ ಕೆಲಸಕ್ಕೆ ಉತ್ತರ ಕರ್ನಾಟಕದಿಂದ ಬಂದು ಬಾಡಿಗೆ ಕೋಣೆಯಲ್ಲಿ ಇರುವವರ ವೋಟು ಇಲ್ಲಿಲ್ಲ, ಆದ್ದರಿಂದ ಲೆಕ್ಕದಲ್ಲೇ ಇಲ್ಲ. ಇಲ್ಲಿನ ಬುಡಕಟ್ಟಿನವರಾದ ಕೊರಗರ ಮನೆಗಳ ಕಡೆಯಿಂದ ಒಬ್ಬರೂ ಬಂದಿರಲಿಲ್ಲ. ಕೋರಂ ಮಾತ್ರ ಸರಿಯಾಗಿ ಆಗಿತ್ತು!

ಭಾಷೆಯದ್ದೂ ಒಂದು ಸಂಗತಿ ಉಂಟು. ನಮ್ಮಲ್ಲಿ ಮನಸ್ಸಿನ ಮಾತು ತುಳುವಿನಲ್ಲೋ, ಬ್ಯಾರಿಯಲ್ಲೋ, ಕೊಂಕಣಿಯಲ್ಲೋ ಬರುತ್ತದೆ. ಸಭೆಯ ನಡಾವಳಿ ಬರೆಯುವುದು ಕನ್ನಡದಲ್ಲಿ. ನನ್ನ ಪಕ್ಕ ಕೂತಿದ್ದ ಅಕ್ಕ ತುಳುವಿನಲ್ಲಿ ಎರಡು ನಿಮಿಷ ಮಾತಾಡಿದರು. ಸಂಜೆ ಕೊನೆಯ ಬಸ್ಸು ನಿಂತ ಮೇಲೆ, ಪೇಟೆಯ ಬಟ್ಟೆ ಅಂಗಡಿಗೆ ಹೋಗುವ ಮಗಳು ಮೇನ್ ರೋಡಿನಿಂದ ಒಬ್ಬಳೇ ನಡೆದು ಬರಬೇಕು, ರಬ್ಬರ್ ತೋಟದ ನಡುವೆ, ಮಳೆಗಾಲದಲ್ಲಿ ಏನೂ ಕಾಣುವುದಿಲ್ಲ, ಕೆಲಸ ಬಿಡಿಸೋಣ ಅಂತಿದ್ದೇವೆ. ನಡಾವಳಿಯಲ್ಲಿ ಆಮೇಲೆ ನೋಡಿದೆ. 'ದಾರಿದೀಪಕ್ಕೆ ಬೇಡಿಕೆ' ಅಂತ ಇತ್ತು. ಬರೆದವರದ್ದು ತಪ್ಪು ಅನ್ನಲಾರೆ. ಕಾಲಂನಲ್ಲಿ ಅಷ್ಟೇ ಜಾಗ. ಆದರೆ ಒಂದು ಹುಡುಗಿಯ ನೌಕರಿಯ ಮಾತು ಎರಡು ಪದದಲ್ಲಿ ದೀಪವಾಗಿಬಿಟ್ಟಿತು.

ಇದಕ್ಕೆ ಮದ್ದು ದೊಡ್ಡದೇನಲ್ಲ. ಒಂದೇ ದೊಡ್ಡ ಸಭೆಯ ಮೊದಲು ಸಣ್ಣ ಸಣ್ಣ ಮಾತುಕತೆ ಮಾಡಬೇಕು. ಹೆಂಗಸರ ಸ್ವಸಹಾಯ ಗುಂಪಾದ ಸಂಜೀವಿನಿ ಸಂಘದ ವಾರದ ಮೀಟಿಂಗಿನಲ್ಲಿ, ಬೀಡಿ ಬ್ರಾಂಚಿನ ಜಗಲಿಯಲ್ಲಿ, ಭಾನುವಾರ ಕ್ರಿಕೆಟ್ ಆಡುವ ಗದ್ದೆಯ ಬದಿಯಲ್ಲಿ. ಕೇಳುವ ಪ್ರಶ್ನೆ ಬದಲಿಸಬೇಕು. 'ನಿಮಗೆ ಏನು ಬೇಕು' ಅಂದರೆ ಇಂಟರ್‌ಲಾಕ್ ಬರುತ್ತದೆ. 'ಹೋದ ವರ್ಷ ಯಾವಾಗ ಜಾಸ್ತಿ ಕಷ್ಟ ಆಯಿತು' ಅಂದರೆ ಕಥೆ ಬರುತ್ತದೆ. ಮಕ್ಕಳಿಗೆ ಬೇರೆಯೇ ಸಭೆ ಇರಬೇಕು ಅನ್ನುವುದನ್ನಂತೂ ಕುಂದಾಪುರ ಸೀಮೆ ತೋರಿಸಿಕೊಟ್ಟಿದೆ. ಅಲ್ಲಿನ ಕೆರಾಡಿಯಲ್ಲಿ 1990ರ ದಶಕದಲ್ಲೇ ಮಕ್ಕಳ ಪಂಚಾಯತ್ ನಡೆದಿತ್ತು. ಈಗ ರಾಜ್ಯದ ಗ್ರಾಮ ಪಂಚಾಯತ್‌ಗಳಲ್ಲಿ ಮಕ್ಕಳ ಗ್ರಾಮ ಸಭೆ ಮಾಡುತ್ತಾರೆ. ಮಕ್ಕಳು ಸುತ್ತಿ ಬಳಸಿ ಮಾತಾಡುವುದಿಲ್ಲ. ಶಾಲೆಯ ಶೌಚಾಲಯದಲ್ಲಿ ನೀರಿಲ್ಲ, ಗೇಟಿನ ಹತ್ತಿರ ನಾಯಿ ಉಂಟು, ಬಸ್ಸಿನವ ನಿಲ್ಲಿಸುವುದಿಲ್ಲ ಅಂತ ನೇರ ಹೇಳುತ್ತಾರೆ.

ಎಲ್ಲರನ್ನೂ ಕೇಳಿದ ಮೇಲೆ ಎಲ್ಲರದ್ದೂ ಒಂದೇ ಅಭಿಪ್ರಾಯ ಬರುತ್ತದೆ ಅಂದುಕೊಳ್ಳಬೇಡಿ. ಕೇಳಿದ ಮೇಲೆಯೇ ಜಗಳ ಶುರು. 'ನಮ್ಮ ವಾರ್ಡ್ ಸ್ವಚ್ಛವಾಗಿರಬೇಕು' ಅನ್ನುವುದನ್ನು ಯಾರು ಬೇಡ ಅಂತಾರೆ? ಮಂಗಳೂರಿನ ಎಲ್ಲ ವಾರ್ಡುಗಳೂ ವರ್ಷಗಟ್ಟಲೆ ಹಾಗೇ ಅಂದುಕೊಂಡವು. ಕಸವನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ಗೇಟಿನ ಹೊರಗೆ ಇಟ್ಟರೆ ಲಾರಿ ಬಂದು ಒಯ್ಯುತ್ತಿತ್ತು. ಹೋಗಿ ಬೀಳುತ್ತಿದ್ದುದು ಪಾಲಿಕೆಯ ಕಸ ಸುರಿಯುವ ಜಾಗವಾದ ಪಚ್ಚನಾಡಿಯಲ್ಲಿ. 2019ರ ಆಗಸ್ಟ್‌ನ ಮಳೆಗೆ ಆ ಕಸದ ಗುಡ್ಡ ಜರಿದು ಕೆಳಗಿನ ಮಂದಾರದ ಮೇಲೆ ಹರಿಯಿತು. ತೆಂಗು, ಅಡಿಕೆಯ ತೋಟಗಳು ಕಸದಡಿ ಹೋದವು, ಮನೆಗಳನ್ನು ಬಿಟ್ಟು ಜನ ಹೊರಡಬೇಕಾಯಿತು. ಪೇಟೆಯ ಬೀದಿಗಳ ಸ್ವಚ್ಛತೆಯ ಬಿಲ್ಲು ಮಂದಾರದವರ ಮನೆಗೆ ಬಂತು.

ಆದ್ದರಿಂದ ಗುರಿ ಬರೆಯುವಾಗ ಕೇಳಲೇಬೇಕಾದ ಪ್ರಶ್ನೆ ಒಂದು ಉಂಟು. ಇದು ಈಡೇರಿದರೆ ಅದರ ಭಾರ ಯಾರ ಮೇಲೆ ಬೀಳುತ್ತದೆ, ಅವರು ಈ ಸಭೆಯಲ್ಲಿ ಇದ್ದಾರಾ? 'ವಾರ್ಡ್ ಸ್ವಚ್ಛ' ಅನ್ನುವ ಬದಲು 'ನಮ್ಮ ವಾರ್ಡಿನ ಹಸಿ ಕಸ ವಾರ್ಡಿನಲ್ಲೇ ಗೊಬ್ಬರವಾಗಬೇಕು' ಅಂದರೆ ಕೆಲಸ ನಮ್ಮ ಮೇಲೆಯೇ ಬೀಳುತ್ತದೆ. ಆಗಲಿ. ಕುಂದಾಪುರ ಕಡೆಯ ವಂಡ್ಸೆ, ಕಾರ್ಕಳದ ಹತ್ತಿರದ ನಿಟ್ಟೆಯಂಥ ಪಂಚಾಯತಿಗಳು ಒಣ ಕಸವನ್ನು ಬೇರೆ ಮಾಡಿ ಮಾರುವ ಘಟಕಗಳನ್ನು ನಡೆಸಿ ತೋರಿಸಿವೆ. ಬೀದಿ ವ್ಯಾಪಾರಿಗಳ 2014ರ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಗಾಡಿಗಳು ಎಲ್ಲಿರಬೇಕು ಅಂತ ಹೇಳುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನ ವ್ಯಾಪಾರಿಗಳಿಗೇ ಕೊಡಬೇಕು ಅಂತ ಬರೆದಿದೆ. ಫುಟ್‌ಪಾತ್ ಖಾಲಿ ಇರಬೇಕು ಅನ್ನುವವರೂ, ಅದೇ ಫುಟ್‌ಪಾತಿನಲ್ಲಿ ಅನ್ನ ದುಡಿಯುವವರೂ ಒಂದೇ ಮೇಜಿಗೆ ಬರಲಿ ಅಂತ.

ಗುರಿ ಒಪ್ಪಿದಿರಿ ಅಂದುಕೊಳ್ಳಿ. ಆಯಿತೋ ಇಲ್ಲವೋ ಅಂತ ಹೇಗೆ ಗೊತ್ತಾಗುವುದು? ಕಚೇರಿಯಲ್ಲಿ ಇದಕ್ಕೆ 'ಸೂಚಕ' ಅಂತಾರೆ. ನನ್ನ ಮಟ್ಟಿಗೆ ಒಳ್ಳೆಯ ಸೂಚಕ ಅಂದರೆ, ಊರಿನವರೇ ಬೆರಳಲ್ಲಿ ಎಣಿಸಬಹುದಾದದ್ದು. ನೀರನ್ನೇ ನೋಡಿ. ಮಂಗಳೂರಿಗೆ ನೀರು ಬರುವುದು ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆಯಿಂದ. 2019ರ ಬೇಸಿಗೆಯಲ್ಲಿ ಎರಡೂ ಕಡೆ ನೀರು ಇಳಿದು ರೇಷನಿಂಗ್ ಆದದ್ದು ಯಾರೂ ಮರೆತಿಲ್ಲ. ಅಣೆಕಟ್ಟಿನಲ್ಲಿ ಎಷ್ಟು ಮೀಟರ್ ನೀರಿದೆ ಅನ್ನುವುದು ಪೇಪರಿನಲ್ಲಿ ಬರುತ್ತದೆ. ಆದರೆ ಗುಡ್ಡೆಯ ಮೇಲಿನ ಮನೆಯವರಿಗೆ ಬೇಕಾದ ಅಂಕಿ ಬೇರೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ನಳ್ಳಿಯಲ್ಲಿ ಎಷ್ಟು ದಿನ ನೀರು ಬಂತು, ಟ್ಯಾಂಕರಿಗೆ ಎಷ್ಟು ಸಲ ಫೋನ್ ಮಾಡಿದೆವು. ಇದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿದರೆ ಆಯಿತು. ಹತ್ತು ಮನೆಯ ಕ್ಯಾಲೆಂಡರ್ ಹಿಡಿದು ಸಭೆಗೆ ಹೋದರೆ 'ನೀರಿನ ಸಮಸ್ಯೆ ಇಲ್ಲ' ಅಂತ ಯಾರೂ ಸುಲಭದಲ್ಲಿ ಬರೆಯಲಾರರು.

ದುಡ್ಡಿನ ಮಾತು ಬರದೆ ಇರುವುದಿಲ್ಲ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ ಪಂಚಾಯತ್‌ಗಳಿಗೆ ಬಂದದ್ದರ ಶೇಕಡಾ 60 ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಉಳಿದದ್ದು ಮಾತ್ರ ಊರಿನ ಇಷ್ಟಕ್ಕೆ. ನಗರ ಸಂಸ್ಥೆಗಳಲ್ಲಿ ಶೇಕಡಾ 24.10 ಪರಿಶಿಷ್ಟ ಜಾತಿ, ಪಂಗಡದವರಿಗೆ, 7.25 ಇತರ ಬಡವರಿಗೆ, 5 ಅಂಗವಿಕಲರಿಗೆ ಅಂತ ತೆಗೆದಿಡಬೇಕು. ಈ ಕೊನೆಯ ಐದರ ಬಗ್ಗೆ ಸಭೆಯಲ್ಲಿ ಕೇಳುವವರು ತೀರಾ ಕಡಿಮೆ. ಗಾಲಿಕುರ್ಚಿಯಲ್ಲಿರುವ ಒಬ್ಬರು ಮನೆಯಿಂದ ಪಡಿತರ ಅಂಗಡಿಗೆ ಯಾರ ಸಹಾಯವೂ ಇಲ್ಲದೆ ಹೋಗಿ ಬರಬೇಕು ಅಂತ ಗುರಿ ಬರೆದರೆ, ಆ ಐದಕ್ಕೆ ಒಂದು ದಾರಿ ಸಿಗುತ್ತದೆ.

ಕೆಲವು ಗುರಿಗಳಿಗೆ ಪಂಚಾಯತಿನ ಕೈ ತಲುಪುವುದಿಲ್ಲ. ನನ್ನ ಪಕ್ಕ ಕೂತಿದ್ದ ಅಕ್ಕನ ಬಸ್ಸು ಅಂಥದ್ದು. ನಮ್ಮಲ್ಲಿ ಓಡುವುದು ಬಹುಪಾಲು ಖಾಸಗಿ ಬಸ್ಸುಗಳು. ಅವುಗಳ ಪರ್ಮಿಟ್, ಟೈಮಿಂಗ್ ಇರುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದಲ್ಲಿ. ಪಂಚಾಯತ್ ಅಲ್ಲಿಗೆ ಆದೇಶ ಕೊಡಲಾರದು. ಆದರೆ ಗ್ರಾಮ ಸಭೆಯ ನಿರ್ಣಯ ಕಳುಹಿಸಬಹುದು. ಕರೆಂಟಿಗೆ ಮೆಸ್ಕಾಂ, ರಾಜ್ಯ ಹೆದ್ದಾರಿಗೆ ಲೋಕೋಪಯೋಗಿ, ಹೀಗೆ ಪ್ರತಿ ಇಲಾಖೆಯವರೂ ಗ್ರಾಮ ಸಭೆಗೆ ಬಂದು ಕೂರುತ್ತಾರಲ್ಲ, ಅವರು ಬರುವುದು ಇದಕ್ಕೇ. ಗುರಿಯ ಸಾಲು ಸ್ಪಷ್ಟ ಇದ್ದರೆ ಯಾರು ಏನು ಮಾಡಬೇಕು ಅಂತ ಅಲ್ಲೇ ಹಂಚಬಹುದು. ಇಲ್ಲದಿದ್ದರೆ ಅವರು ತಮ್ಮ ಇಲಾಖೆಯ ಸ್ಕೀಮುಗಳ ಪಟ್ಟಿ ಓದಿ ಹೋಗುತ್ತಾರೆ. ಅದೂ ಮೈಕ್ ಸರಿ ಇದ್ದರೆ.

ಇನ್ನು ನಡಾವಳಿ. ಜನರಿಗೆ ಇದರ ಬೆಲೆ ಗೊತ್ತಾಗುವುದು ತಡವಾಗಿ. ಸಭೆಯಲ್ಲಿ ಏನು ಬರೆದರೋ ಅದೇ ಉಳಿಯುವುದು. ಮಾತು ಗಾಳಿಗೆ ಹೋಗುತ್ತದೆ. ಹಿಂದಿನ ಸಭೆಯ ನಡಾವಳಿ ಓದಿ, ಅದರಲ್ಲಿ ಏನಾಯಿತು ಅಂತ ಹೇಳಿದ ಮೇಲೆಯೇ ಹೊಸ ವಿಷಯಕ್ಕೆ ಬರಬೇಕು. ಎಷ್ಟೋ ಕಡೆ 'ಓದಿದ್ದೇವೆ, ಎಲ್ಲರೂ ಒಪ್ಪಿದ್ದಾರೆ' ಅಂತ ಒಂದೇ ಉಸಿರಿಗೆ ಮುಗಿಸುತ್ತಾರೆ. ಆಗ ಎದ್ದು ನಿಂತು, 'ಸ್ವಲ್ಪ ಪೂರ್ತಿ ಓದಿ ಸರ್' ಅನ್ನುವವರು ಒಬ್ಬರು ಬೇಕು. ಆಗಲಿಲ್ಲ ಅಂದರೆ ಯಾಕೆ ಆಗಲಿಲ್ಲ ಅಂತ ಹೇಳಿದರೂ ಜನ ಒಪ್ಪುತ್ತಾರೆ. ಕೇಳಿ, ಬರೆದುಕೊಂಡು, ಮತ್ತೆ ಆ ಸುದ್ದಿಯನ್ನೇ ಎತ್ತದಿದ್ದರೆ ಮುಂದಿನ ಸಲ ಬರುವುದಿಲ್ಲ. ಸಭೆಗೆ ಜನ ಬರುವುದಿಲ್ಲ ಅಂತ ದೂರುವವರು ಇದನ್ನು ಒಮ್ಮೆ ನೋಡಬೇಕು.

ದಾರಿದೀಪ ಅಂತ ಬರೆದಿದ್ದ ಆ ಸಾಲನ್ನು ನಾವು ನಾಲ್ಕು ಜನ ಸೇರಿ ಅರ್ಜಿ ಕೊಟ್ಟು ತಿದ್ದಿಸಿದೆವು. ಈಗ ಅದು ಹೀಗಿದೆ: 'ಪೇಟೆಗೆ ಕೆಲಸಕ್ಕೆ ಹೋಗುವ ಮಹಿಳೆಯರು ರಾತ್ರಿ ಎಂಟೂವರೆಯ ತನಕ ಮೇನ್ ರೋಡಿನಿಂದ ಮನೆಗೆ ಹೆದರಿಕೆಯಿಲ್ಲದೆ ಬರುವಂತಾಗಬೇಕು.' ಕೆಳಗೆ ಮೂರು ಕೆಲಸ ಬರೆದಿದ್ದಾರೆ. ತಿರುವಿನಲ್ಲಿ ಎರಡು ದೀಪ, ತೋಟದ ಬದಿಯ ಪೊದೆ ಕಡಿಸುವುದು, ಕೊನೆಯ ಬಸ್ಸಿನ ಬಗ್ಗೆ ಸಾರಿಗೆ ಪ್ರಾಧಿಕಾರಕ್ಕೆ ನಿರ್ಣಯ. ಪೊದೆ ಕಡಿದಾಗಿದೆ. ಒಂದು ದೀಪ ಬಂದಿದೆ.

ಮುಂದಿನ ವಾರ್ಡ್ ಸಭೆಯ ನೋಟಿಸು ನಿನ್ನೆ ಅಂಗನವಾಡಿಯ ಬಾಗಿಲಿಗೆ ಅಂಟಿಸಿದ್ದಾರೆ. ಸಮಯ ಬೆಳಿಗ್ಗೆ ಹತ್ತೂವರೆ. ಬದಲಿಸಿ ಸಂಜೆ ಐದಕ್ಕೆ ಮಾಡಿ ಅಂತ ಹೇಳಲು ಇವತ್ತು ಪಂಚಾಯತಿಗೆ ಹೊರಟಿದ್ದೇವೆ. ಅಕ್ಕನೂ ಬರುತ್ತೇನೆ ಅಂದಿದ್ದಾರೆ, ಬೀಡಿ ಕೊಟ್ಟು ಆದ ಮೇಲೆ.